ನಾಲ್ಕು ಗಂಟೆಯ ನೋಟ್‌ಬುಕ್

ನಾಲ್ಕು ಗಂಟೆಯಾಯಿತು. ನಿರಂಜನ್ ತನ್ನ ಕುರ್ಚಿಯಿಂದ ಏಳಲಿಲ್ಲ.

ದಾಕ್ಷಾಯಣಿ ನೋಟ್‌ಬುಕ್ಕಿನ ಅಂಚನ್ನು ಬೆರಳಿನಿಂದ ಸವರಿ ಮತ್ತೆ ಡ್ರಾಯರಿಗೆ ಸೇರಿಸಿದಳು. ಹೀಗೆ ಹನ್ನೊಂದು ದಿನವಾಯಿತು.

ಕೊಡಿಗೇಹಳ್ಳಿಯ ಹಳೇ ಮನೆಯೊಂದರ ಮಹಡಿಯಲ್ಲಿ ಅವರ ಆಫೀಸು. ಮನೆಯೊಡೆಯ ನಾಗಭೂಷಣನೇ ಅವರಿಬ್ಬರಿಗೂ ಯಜಮಾನ; ಅವನಿಗೆ ನೀರಿನ ಟ್ಯಾಂಕರ್‌ಗಳಿದ್ದವು. ಅವನ್ನು ಬುಕ್ ಮಾಡುವುದಕ್ಕೊಂದು ಆ್ಯಪ್. ಫೋನಿನಲ್ಲಿ ಕಾಣುವ ಆ್ಯಪನ್ನು ನಿರಂಜನ್ ಕಾಟ್ಲಿನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಿದ್ದ. ಅದರ ಬೆನ್ನಿಗಿದ್ದ ಸರ್ವರನ್ನು ದಾಕ್ಷಾಯಣಿ ಪೈಥಾನ್ ಎಂಬ ಬೇರೊಂದು ಭಾಷೆಯಲ್ಲಿ ಬರೆಯುತ್ತಿದ್ದಳು. ಎರಡೂ ಹೊಂದದಿದ್ದರೆ ನೀರು ಇನ್ಯಾರದೋ ಮನೆ ಮುಂದೆ ನಿಲ್ಲುತ್ತಿತ್ತು. ಅದಕ್ಕೇ ದಿನಾ ನಾಲ್ಕಕ್ಕೆ ಅವನು ಎರಡು ಲೋಟ ಚಹಾ ತಂದು ಅವಳ ಪಕ್ಕ ಕೂರುತ್ತಿದ್ದ. ಯಾವ ವಿವರವನ್ನು ಯಾರು ಹೇಗೆ ಕಳಿಸುತ್ತಾರೆಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಅವನು, ಬಲಕ್ಕೆ ಅವಳು ಬರೆದು ತಾಳೆ ನೋಡುತ್ತಿದ್ದರು.

"ತಾರೀಕು ಮತ್ತ ಉಲ್ಟಾ ಕಳ್ಸೀರಿ," ಎನ್ನುತ್ತಿದ್ದಳು ಅವಳು.

"ಸಾರಿ ಕಣ್ರೀ. ನಿಮ್ ಗದಗ ಕಡೆ ತಿಂಗಳು ಮೊದ್ಲಾ, ದಿನ ಮೊದ್ಲಾ?"

"ಎಲ್ಲಾ ಕಡೇನೂ ದಿನಾನ ಮೊದ್ಲ ಬರ್ತೈತ್ರಿ!"

ಅವನು ನಗುತ್ತಿದ್ದ. ನಗುವಾಗ ಎಡಗಣ್ಣು ತುಸು ಹೆಚ್ಚೇ ಮುಚ್ಚುತ್ತಿತ್ತು. ಟಿ. ದಾಸರಹಳ್ಳಿಯ ಪಿಜಿಯಲ್ಲಿ, ಅವಳ ಮಾತಿನ ಧಾಟಿಗೆ ನಗುವ ರೂಮ್‌ಮೇಟ್‌ಗಳ ನಡುವೆ ಗೋಡೆಗೆ ಮುಖ ಮಾಡಿ ಕೂತು, ಅದಷ್ಟನ್ನೇ ಡೈರಿಗೆ ಬರೆದುಕೊಂಡಿದ್ದಳು. ಇಡೀ ದಿನದಲ್ಲಿ ಅವಳು ಬಾಯಿಬಿಟ್ಟು ಆಡುತ್ತಿದ್ದ ಮಾತೆಲ್ಲ ಆ ಅರ್ಧ ಗಂಟೆಯದ್ದು.

ಆಮೇಲೆ ಒಂದು ತಪ್ಪು ಮಾಡಿದಳು. ಅವನ ಭಾಷೆ ಕಲಿತಳು.

ಬಸ್ಸು ಹೆಬ್ಬಾಳದಲ್ಲಿ ಮಿಸುಕದೆ ನಿಂತಾಗಲೆಲ್ಲ ಫೋನಿನಲ್ಲಿ ಕಾಟ್ಲಿನ್ ಓದಿದಳು. ಸರ್ವರನ್ನೂ ಅದರಲ್ಲೇ ಬರೆದರೆ ಅವನು ಹೇಳಿಕೊಡಲು ಕೂರುತ್ತಾನೆ, ನಾಲ್ಕು ಗಂಟೆ ಐದಾಗುತ್ತದೆ, ಆರಾಗುತ್ತದೆ ಎಂದುಕೊಂಡಿದ್ದಳು. ಇಡೀ ಸರ್ವರನ್ನು ಹಾಗೇ ಬರೆದೂ ಬಿಟ್ಟಳು. ಆದದ್ದೇ ಬೇರೆ. ಈಗ ವಿವರಗಳ ಪಟ್ಟಿ ಇಬ್ಬರಿಗೂ ಒಂದೇ. ಒಬ್ಬರು ಅದನ್ನು ಬದಲಿಸಿ ಕಳಿಸಿದರೆ ಇನ್ನೊಬ್ಬರ ಪರದೆಯಲ್ಲಿ ತಪ್ಪು ತೋರಿಸುವ ಕೆಂಪು ಗೆರೆ ತಾನಾಗಿಯೇ ಮೂಡುತ್ತಿತ್ತು. ತಾಳೆ ನೋಡುವುದಕ್ಕೆ ಏನೂ ಉಳಿಯಲಿಲ್ಲ.

"ಶಭಾಷ್ ಕಣಮ್ಮ! ಇನ್ಮೇಲೆ ಆ ನಾಲ್ಕು ಗಂಟೆ ಮೀಟಿಂಗೇ ಬೇಡ ಬಿಡು," ಎಂದಿದ್ದ ನಾಗಭೂಷಣ. ನಿನ್ನೆ ಇನ್ನೂ ಮುಂದಕ್ಕೆ ಹೋಗಿದ್ದ. "ನಿರಂಜನ್, ಸೋಮವಾರದಿಂದ ಯಲಹಂಕದಲ್ಲಿ ಮನೇಲೇ ಕೂತ್ಕೊಂಡ್ ಕೆಲ್ಸ ಮಾಡಪ್ಪ. ದಿನಾ ಯಾಕೆ ಬರ್ತೀಯಾ?"

"ಸರಿ ಸಾರ್," ಎಂದಿದ್ದ ನಿರಂಜನ್. ಅಷ್ಟೇ.

ಇವತ್ತು ಶುಕ್ರವಾರ.

ಕೆಳಗೆ ಟ್ಯಾಂಕರಿಗೆ ನೀರು ತುಂಬುವ ಸದ್ದು. ಆರಡಿ ದೂರದಲ್ಲಿ ಹೆಡ್‌ಫೋನ್ ಹಾಕಿಕೊಂಡ ಅವನ ಬೆನ್ನು. ದಾಕ್ಷಾಯಣಿ ಪಟ್ಟಿಯನ್ನು ತೆರೆದು ತಾರೀಕಿನ ಸಾಲನ್ನು ಅಳಿಸಿದಳು. ಗಿರಾಕಿಗಳ ಫೋನಿಗೆ ಇದು ತಟ್ಟುವುದಿಲ್ಲ, ಅವನ ಲ್ಯಾಪ್‌ಟಾಪಿಗೆ ಮಾತ್ರ. ಕಳಿಸಿಬಿಟ್ಟಳು.

ಸ್ವಲ್ಪ ಹೊತ್ತಿಗೆ ಹೆಡ್‌ಫೋನ್ ಕೆಳಗಿಳಿಯಿತು. ಅವನು ಎದ್ದು ಬಂದ.

"ದಾಕ್ಷಾಯಣಿ ಅವ್ರೇ, ಇಪ್ಪತ್ಮೂರು ಎರರ್ ಬರ್ತಿದೆ. ತಾರೀಕೇ ಇಲ್ವಲ್ರೀ?"

"ನಾನ ತಗದೇನ್ರಿ."

"ಯಾಕೆ?"

ಸುಳ್ಳು ಹೊಳೆಯಲಿಲ್ಲ. "ನಾಲ್ಕು ಗಂಟೆ ಆಗಿತ್ರಿ. ನೀವು ಬರ್ಲಿಲ್ಲ."

ಅವನು ಡ್ರಾಯರ್ ಎಳೆದು ನೋಟ್‌ಬುಕ್ ತೆಗೆದ. "ಎಂಟು ತಿಂಗ್ಳಲ್ಲಿ ತಾರೀಕು ಎಷ್ಟ್ ಸಲ ತಪ್ಪು ಕಳ್ಸಿದೀನಿ, ಗೊತ್ತಾ?"

"ಮೂವತ್ತೊಂದು." ಎಣಿಸಿಟ್ಟದ್ದು ಬಯಲಾಯಿತೆಂದು ತುಟಿ ಕಚ್ಚಿಕೊಂಡಳು.

"ಆರು ವರ್ಷದಿಂದ ಆ್ಯಪ್ ಬರೀತಿದೀನಿ ಕಣ್ರೀ. ತಾರೀಕು ಬರೆಯೋಕ್ ಬರಲ್ವಾ ನಂಗೆ?"

ಕೆಳಗೆ ನೀರಿನ ಸದ್ದು ನಿಂತಿತು.

"ಮತ್ತ ಮನ್ಯಾಗ ಕೂಡ್ರಾಕ ಯಾಕ ಒಪ್ಪಿದ್ರಿ?"

"ನೀವೇ ಎಲ್ಲಾ ಒಂದೇ ಭಾಷೆಗೆ ತಂದ್ರಲ್ಲ. ನನ್ ಜೊತೆ ದಿನಾ ಕೂತು ಸಾಕಾಗಿದೆ ಅಂದ್ಕೊಂಡೆ."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ಮುಖ ಬಗ್ಗಿಸಿ, ಅಳಿಸಿದ್ದ ಸಾಲನ್ನು ಮತ್ತೆ ಬರೆದು ಕಳಿಸಿದಳು. ಅವನ ಪರದೆಯ ಕೆಂಪು ಗೆರೆಗಳೆಲ್ಲ ಒಂದೊಂದಾಗಿ ಮಾಯವಾದವು. ಇನ್ನು ಅವನಿಗೆ ಇಲ್ಲಿ ಯಾವ ಕೆಲಸವೂ ಇರಲಿಲ್ಲ.

ಅವನು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ.