ಕುದುರೆ ಕೊಡದ ಏಟು

ಹಬ್ಬದ ಚೆಸ್ ಪಂದ್ಯದ ಕೊನೆಯ ಸುತ್ತಿನಲ್ಲಿ ಮ್ಯಾಗ್ಮರ್‌ನ ಎದುರು ಬಂದು ಕೂತವಳು ಸೊಲೊಂಗೊ. ಊರಿನ ದನದ ಡಾಕ್ಟರನಾದ ಅವನು ಎರಡು ಚಳಿಗಾಲ ಈ ಶಾಲೆ ಟೀಚರನ್ನು ಕದ್ದು ನೋಡುವುದರಲ್ಲೇ ಕಳೆದಿದ್ದ. ಹಬ್ಬ ಮುಗಿದರೆ ಉಲಾನ್‌ಬಾತರ್‌ನ ಯಾರೋ ಬ್ಯಾಂಕಿನವನ ಕಡೆಯವರು ಅವಳನ್ನು ಕೇಳಲು ಬರುವವರಿದ್ದರು. ಇವತ್ತು ಗೆದ್ದರೆ ಬಾಯಿಬಿಡುವುದು, ಸೋತರೆ ಸುಮ್ಮನಾಗುವುದು ಎಂದುಕೊಂಡು ಬಂದಿದ್ದ. ಪುಕ್ಕಲರಿಗೆ ಇಂಥ ಲೆಕ್ಕಾಚಾರ ಚೆನ್ನಾಗಿ ಹೊಳೆಯುತ್ತದೆ.

ಸೊಲೊಂಗೊ ರಾಣಿಯ ಮುಂದಿನ ಪದಾತಿಯನ್ನು ಎರಡು ಮನೆ ನಡೆಸಿದಳು. ಅವನೂ ಅದನ್ನೇ ಮಾಡಿದ. ಹುಲ್ಲುಗಾವಲಿನ ಗುಡಾರಗಳಲ್ಲಿ ಅಜ್ಜಂದಿರು ಆಡುವ ಹಳೆಯ ಚದುರಂಗ ಶುರುವಾಗುವುದೇ ಹೀಗೆ. ಅಲ್ಲಿ ಬೇರೆ ದಾರಿ ಇಲ್ಲ.

"ಇವತ್ತೂ ಅದೇನಾ?" ಎಂದ ಮ್ಯಾಗ್ಮರ್.

"ಬೇರೆ ಕಾಯಿ ಮುಟ್ಟಿದ್ರೆ ನಮ್ಮಜ್ಜ ಕನಸಲ್ಲಿ ಬಂದು ಬೈತಾನೆ. ನೀವ್ಯಾಕೆ ಅದನ್ನೇ ಆಡಿದ್ರಿ, ಡಾಕ್ಟ್ರೇ?"

"ನನಗೂ ಒಬ್ಬ ಅಜ್ಜ ಇದ್ದ."

ಉಪ್ಪು ಹಾಕಿದ ಚಹಾದ ಬಟ್ಟಲಿನ ಮೇಲಿಂದ ಅವಳು ಕಣ್ಣೆತ್ತಿ ನೋಡಿದಳು, ತುಟಿಯ ನಗು ಬಟ್ಟಲ ಹಿಂದೆಯೇ ಉಳಿಯಿತು. ಮುಂದಿನ ನಡೆ ಏನೆಂದು ಅವನಿಗೆ ಮರೆತೇಹೋಯಿತು.

ಮಧ್ಯಾಹ್ನದ ಹೊತ್ತಿಗೆ ಅವನು ಎಡವಿದ. ಕಾಯಿಯಿಂದ ಬೆರಳು ತೆಗೆದ ಮೇಲೆ ಕಂಡಿತು: ಅವಳ ಕುದುರೆ ಒಂದು ನೆಗೆತ ನೆಗೆದರೆ ಚೆಕ್‌ಮೇಟ್. ಸೊಲೊಂಗೊ ತುಂಬಾ ಹೊತ್ತು ಬೋರ್ಡ್ ನೋಡಿದಳು, ಅವನನ್ನೂ ಒಮ್ಮೆ ನೋಡಿದಳು, ಆನೆಯನ್ನು ಸರಿಸಿದಳು. ಅವನು ಚೇತರಿಸಿಕೊಂಡು ಆಟ ಗೆದ್ದ.

ಗೆದ್ದವನ ಮುಖ ಸೋತವಳದಕ್ಕಿಂತ ಬಾಡಿತ್ತು. ಹೊರಗೆ ಮೆಟ್ಟಿಲ ಬಳಿ ಅವಳನ್ನು ತಡೆದ.

"ನನಗೆ ಆಟ ಬಿಟ್ಟುಕೊಟ್ರಲ್ಲ, ಯಾಕೆ? ಕನಿಕರನಾ?"

"ನಾನೆಲ್ಲಿ ಬಿಟ್ಟುಕೊಟ್ಟೆ?"

"ಕುದುರೆ ಎತ್ತಿ ಇಟ್ಟಿದ್ರೆ ಅಲ್ಲೇ ಮುಗೀತಿತ್ತು!"

"ಅದು ಹೇಗೆ? ಕುದುರೆ ರಾಜನ್ನ ಕೊಲ್ಲೋ ಹಾಗೇ ಇ..." ಮಾತು ಅರ್ಧಕ್ಕೆ ನಿಂತಿತು. ಅವಳು ಹಣೆ ಹಣೆ ಬಡಿದುಕೊಂಡಳು. ಅಜ್ಜಂದಿರ ಆಟದಲ್ಲಿ ಕುದುರೆ ರಾಜನನ್ನು ಬೆದರಿಸಬಹುದು, ಕೊನೆಯ ಏಟು ಮಾತ್ರ ಬೇರೆ ಕಾಯೇ ಕೊಡಬೇಕು. ತಾನು ಕೂತಿರುವುದು ಆ ಆಟಕ್ಕಲ್ಲ, ಚೆಸ್ ಪಂದ್ಯಕ್ಕೆ ಎನ್ನುವುದೇ ಅವಳ ತಲೆಯಿಂದ ಜಾರಿಹೋಗಿತ್ತು.

ಮ್ಯಾಗ್ಮರ್‌ಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಕನಿಕರವಾದರೂ ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು. ಆದರೆ ಗೆದ್ದಾಗಿತ್ತು, ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ.

"ಟೀಚರ್, ಆ ಬ್ಯಾಂಕಿನವನನ್ನ ಒಪ್ಕೋಬೇಡಿ. ನನ್ನನ್ನ ಮದುವೆ ಆಗಿ."

ಅವಳು ಅವನ ಕೈಗಳನ್ನು ನೋಡಿದಳು. "ಹೆಣ್ಣು ಕೇಳೋರು ನೀಲಿ ರೇಷ್ಮೆ ಹಿಡ್ಕೊಂಡು ಬರ್ತಾರೆ. ನೀವು ಬರಿಗೈಲಿ ಬಂದಿದ್ದೀರ."

"ಗೆಲ್ತೀನಿ ಅಂತ ಯಾರಿಗೆ ಗೊತ್ತಿತ್ತು?"

"ನಾಳೆ ತನ್ನಿ. ಅಪ್ಪಂಗೆ ನಾನು ಹೇಳಿರ್ತೀನಿ."

"ಅಂದ್ರೆ... ಒಪ್ಪಿಗೆನಾ?"

"ಹ್ಞೂಂ. ಈಗ ಕಣ್ಣೆದುರಿಂದ ಹೋಗಿ, ಸೋತ ಸಿಟ್ಟು ಇನ್ನೂ ಇಳಿದಿಲ್ಲ."