ಎಂಥಾ ಚೆಂದದ ಶ್ವಾಸಕೋಶ!

“ಆಹಾ... ಎಂಥಾ ಚೆಂದ!”

ಪ್ರಯೋಗಾಲಯದ ಸ್ಟೀಲ್ ತಟ್ಟೆಯ ಮೇಲೆ ಬಗ್ಗಿ ಹೊಸ ಸಂಶೋಧಕ ಆಡಿದ ಮೊದಲ ಮಾತು ಅದು. ತಟ್ಟೆಯಲ್ಲಿದ್ದದ್ದು ಶ್ವಾಸಕೋಶ. ಬೂದುಬಣ್ಣ, ಗಂಟುಗಂಟು, ಹಳೇ ಚಪ್ಪಲಿಯಂಥ ಬಿರುಸು. ಕೊಯ್ದ ಕಡೆ ಲೋಳೆ ಜಿನುಗುತ್ತಿತ್ತು.

ಎದುರಿಗೆ ಪ್ರಯೋಗಾಲಯದ ಸಹಾಯಕಿ ನಿಂತಿದ್ದಳು. ಇಂಥವನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಗಾಜಿನ ಮೇಲೆ ಕೂರಿಸುವುದೇ ಅವಳ ಕೆಲಸ. ಆದರೆ ಇವತ್ತು ಚಾಕು ಕೆಳಗಿಟ್ಟಳು.

“ಚೆಂದಾನಾ? ಅದು ನಮ್ಮಪ್ಪನ ಎದೆಯಿಂದ ತೆಗೆದದ್ದು ಸ್ವಾಮೀ!”

ಸಂಶೋಧಕನ ಮುಖ ಬಿಳಿಚಿಕೊಂಡಿತು. ಕರವಸ್ತ್ರ ಬಾಯಿಗೊತ್ತಿ ಹೊರಗೆ ಓಡಿದ.

‘ನಗು ತಡೆಯೋಕಾಗದೆ ಓಡಿದ... ಥೂ!’ ಅಂದುಕೊಂಡಳು ಅವಳು.

ಆಮೇಲೆ ಎಷ್ಟೋ ದಿನ ಅವನು ಕ್ಷಮೆ ಕೇಳಲು ಬಾಗಿಲಲ್ಲಿ ನಿಲ್ಲುವುದು, ಅವಳು ಮುಖ ತಿರುಗಿಸುವುದು. ಅವನ ಹೆಜ್ಜೆಯ ಸದ್ದು ಗುರುತು ಸಿಗುತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು!

ಅಪ್ಪ ಕಲ್ಲು ಪಾಲಿಶ್ ಮಾಡಿ ಧೂಳು ನುಂಗಿದವನು. ಒಂದು ಶ್ವಾಸಕೋಶ ಬದಲಾಯಿಸಿದ್ದಾಗಿತ್ತು, ಉಳಿದದ್ದೂ ಕೆಡುತ್ತಿತ್ತು. ತೆಗೆದದ್ದನ್ನು ಸಂಶೋಧನೆಗೆ ಕೊಡಲು ಒಪ್ಪಿದ್ದವನು ಅಪ್ಪನೇ. ಮನೆಯಲ್ಲಿ ಅವಳು ಹಟ ಹಿಡಿದಳು.

“ಆ ಹೇಸಿಗೆ ಮನುಷ್ಯನಿಗೆ ಕೊಡೋದು ಬೇಡಪ್ಪಾ. ಸುಟ್ಟುಬಿಡಲಿ!”

“ಕರ್ಕೊಂಡು ಬಾ ಅವನ್ನ. ನನ್ನ ಸಾಮಾನು, ನಾನೇ ವಿಚಾರಿಸ್ತೀನಿ.”

ಸಂಶೋಧಕ ಮನೆಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತ.

“ಯಜಮಾನ್ರೇ, ಗಾಯ ಆದಾಗ ಜೀವಕೋಶಗಳು ‘ಮುಚ್ಚು, ಮುಚ್ಚು’ ಅಂತ ಒಂದಕ್ಕೊಂದು ಸುದ್ದಿ ಮುಟ್ಟಿಸ್ತವೆ. ಮಾಯ್ದ ಮೇಲೆ ಅದು ನಿಲ್ಲಬೇಕು. ನಿಮ್ಮಲ್ಲಿ ನಿಲ್ಲಲಿಲ್ಲ. ಕಲೆ ಕಟ್ಟಿ ಶ್ವಾಸಕೋಶ ಬಿರುಸಾಗುತ್ತೆ, ಆ ಬಿರುಸೇ ‘ಇನ್ನೂ ಕಟ್ಟು’ ಅನ್ನುತ್ತೆ. ಆ ಸುದ್ದಿಯನ್ನ ದಾರೀಲಿ ಎಲ್ಲಿ ತಡೀಬಹುದು ಅಂತ ಹುಡುಕ್ತಿದ್ದೀನಿ.”

“ನಮ್ಮತ್ತೆ ಬಾಯಿ ಇದ್ದ ಹಾಗೆ ಅನ್ನು!”

ಅಪ್ಪ ನಕ್ಕ. ನಗು ಕೆಮ್ಮಾಯಿತು. ಬಟ್ಟಲಿಗೆ ಕಪ್ಪು ಕಫ ಉಗಿದ. ಅವಳು ಎಂದಿನಂತೆ ಮುಖ ತಿರುಗಿಸಿದಳು.

ಸಂಶೋಧಕ ಕಣ್ಣು ಮುಚ್ಚಿಕೊಂಡ. “ಆಹಾ... ಎಂಥಾ... ಚೆಂದ!”

ಮರುಕ್ಷಣವೇ ಬಚ್ಚಲಿಗೆ ಓಟ! ವಾಂತಿಯ ಸದ್ದು ಮನೆಯೆಲ್ಲ ಕೇಳಿತು.

ಮುಖ ತೊಳೆದು ಬಂದವನು ತಲೆ ತಗ್ಗಿಸಿದ. “ಚಿಕ್ಕಂದಿನಿಂದಲೂ ನನಗೆ ಅಸಹ್ಯ ಜಾಸ್ತಿ. ಓಕರಿಕೆ ಬಂದಾಗೆಲ್ಲಾ ಜೋರಾಗಿ ಹೊಗಳಿಬಿಡ್ತೀನಿ. ಒಂದೊಂದು ಸಲ ತಡೆಯುತ್ತೆ... ಅವತ್ತು ತಡೀಲಿಲ್ಲ.”

‘ಅಯ್ಯೋ... ಅವತ್ತು ಓಡಿದ್ದು ನಗೋಕಲ್ಲ!’

“ಮತ್ತೆ ಈ ಕೆಲಸ ಯಾಕ್ರೀ?”

“ಉಸಿರಿಗೆ ಒದ್ದಾಡೋರನ್ನ ಸುಮ್ನೆ ನೋಡ್ತಾ ಕೂರೋದು ಇದಕ್ಕಿಂತ ಕಷ್ಟ.”

ಅವನು ಮೂಗು ಬಿಗಿಹಿಡಿದು ಬಟ್ಟಲನ್ನು ತೊಳೆಯಲು ಒಯ್ದ. ಅವಳು ಹಿಂದೆಯೇ ಹೋದಳು. ಯಾರಿಗೂ ಹೇಳದ ಮಾತು ನಲ್ಲಿಯ ಸದ್ದಿನಲ್ಲಿ ಹೊರಬಿತ್ತು.

“ನನಗೂ ಅಸಹ್ಯ ಆಗುತ್ತೆ... ಸ್ವಂತ ಅಪ್ಪಂದು! ನನ್ನ ಮೇಲೇ ಹೇಸಿಗೆ ನನಗೆ.”

“ದಿನಾ ಇದನ್ನ ತೊಳೆಯೋರು ಯಾರು?”

“ನಾನೇ.”

“ಮತ್ತೇನು? ಬಟ್ಟಲಿಗೆ ಬೇಕಾದ್ದು ನಿಮ್ಮ ಕೈ. ಮುಖ ಎತ್ತ ತಿರುಗಿದ್ರೇನು!”

ಅವಳ ಕಣ್ಣು ತುಂಬಿತು.

ಒಳಗಿಂದ ಅಪ್ಪ ಕೂಗಿದ. “ಇಟ್ಕೊಳ್ಳಪ್ಪಾ! ಶ್ವಾಸಕೋಶ ಮಾತ್ರ. ಮಗಳ ವಿಷಯ ಅವಳನ್ನೇ ಕೇಳು!”

ಇಬ್ಬರ ಮುಖವೂ ಕೆಂಪಾಯಿತು.

“ಎಲ್ಲವನ್ನೂ ಹೊಗಳ್ತೀರಿ,” ಅವಳು ಮೆಲ್ಲಗೆ ಕೇಳಿದಳು, “ನನ್ನನ್ನ ಒಂದು ಸಲಾನೂ ಚೆಂದ ಅಂದಿಲ್ಲ...”

“ನಿಮ್ಮನ್ನ ನೋಡಿದ್ರೆ ಓಕರಿಕೆ ಬರಲ್ಲವಲ್ಲ!”

“ಮತ್ತೇನು ಬರುತ್ತೆ?”

“ಮಾತೇ ಬರಲ್ಲ ಕಣ್ರೀ...”