ಆರು ಗಂಟೆ ಹಿಂದೆ ನಡೆಯುವ ಪೆಟ್ಟಿಗೆ

ಕಳ್ಳತನ ಗೊತ್ತಾಗಿದ್ದು ಬೆಳಿಗ್ಗೆ ಒಂಬತ್ತೂವರೆಗೆ. ಬೀಗ ಒಡೆದಿರಲಿಲ್ಲ. ಕಿಟಕಿ ಮುರಿದಿರಲಿಲ್ಲ. ಕಳುವಾಗಿದ್ದು ಒಬ್ಬ ಹೆಂಗಸಿನ ಎರಡು ವರ್ಷ.

ಅದು ಕಣ್ಣಿನ ಬ್ಯಾಂಕು. ತೀರಿಹೋದವರು ಬಿಟ್ಟುಹೋದ ಕಣ್ಣಿನ ತಿಳಿಪದರವನ್ನು ಕತ್ತಲಲ್ಲಿರುವವರಿಗೆ ಕೂರಿಸುವ ಜಾಗ. ಆವತ್ತು ಹೊರಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಣ್ಣು ನೆಟ್ಟಗಿದ್ದವರೂ ಗೋಡೆ ಹಿಡಿದುಕೊಂಡೇ ಒಳಗೆ ಬರುತ್ತಿದ್ದರು. ಉದ್ದನೆಯ ಬಿಳಿ ಕಾರಿಡಾರಿನಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು ನಿದ್ದೆಯಲ್ಲಿ ನಡೆಯುವವರ ಹಾಗೆ ಓಡಾಡುತ್ತಿದ್ದರು.

ಕೌಂಟರಿನ ಮುಂದೆ, ಕಣ್ಣಿದ್ದಾಗ ಗಡಿಯಾರ ರಿಪೇರಿ ಮಾಡುತ್ತಿದ್ದ ಹೆಂಗಸು ಅಣ್ಣನ ತೋಳು ಹಿಡಿದು ನಿಂತಿದ್ದಳು. ವಾರದ ಪರೀಕ್ಷೆಗೆ ಬಂದವಳು.

"ಹೋದ ವಾರ ನೀವೇ ಹೇಳಿದ್ರಲ್ಲ ಸಿಸ್ಟರ್, ಮುಂದಿನ ಸರದಿ ನಂದೇ ಅಂತ?"

ಸಿಸ್ಟರ್ ಮಾನಿಟರ್ ನೋಡಿದರು. ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ಬೆಳಿಗ್ಗೆ ಆರೂವರೆಗೆ ಒಬ್ಬರ ಕಣ್ಣುಗಳು ಬಂದಿದ್ದವು. ಪಟ್ಟಿಯ ಮೊದಲ ಸಾಲಿನಲ್ಲಿ ಈಕೆಯ ನಂಬರ್ ಇರಬೇಕಿತ್ತು. ಇರಲಿಲ್ಲ. ಬೆರಳಿಟ್ಟು ಹುಡುಕುತ್ತ ಹೋದರು. ನಲವತ್ತೊಂದನೆಯ ಸಾಲಿನಲ್ಲಿ ಸಿಕ್ಕಿತು.

"ನೋಂದಣಿ ಹೋದ ತಿಂಗಳು ಅಂತಿದೆಯಲ್ಲಮ್ಮ."

"ಎರಡು ವರ್ಷ ಆಯ್ತು ಸಿಸ್ಟರ್. ಎಷ್ಟು ದಿನ ಅಂತ ಬೇಕಾದ್ರೂ ಹೇಳ್ತೀನಿ."

"ಚೀಟಿ ಇದೆಯಾ?"

"ಮನೆ ಬದಲಾಯಿಸುವಾಗ ಕಳೆದ್ಹೋಯ್ತು," ಎಂದ ಅಣ್ಣ. ತಂಗಿ ಬೆಂಚು ತಡವಿ ಕುಳಿತಳು. ಸಿಸ್ಟರ್‌ ಇಂಟರ್‌ಕಾಮ್ ಎತ್ತಿ ಸರ್ವರಮ್ಮನನ್ನು ಕರೆದರು.

* * *

ಸರ್ವರ್ ಕೋಣೆ ನೋಡಿಕೊಳ್ಳುವವಳಿಗೆ ಆಸ್ಪತ್ರೆಯವರು ಇಟ್ಟ ಹೆಸರು ಸರ್ವರಮ್ಮ. ಮೊದಮೊದಲು ಮುಖ ಊದಿಸಿಕೊಳ್ಳುತ್ತಿದ್ದಳು. ಈಗ ಆ ಹೆಸರಿಗೇ ತಿರುಗಿ ನೋಡುತ್ತಾಳೆ. ಯಂತ್ರಗಳು ಒಂದೇ ಶ್ರುತಿಯಲ್ಲಿ ಗುಂಯ್‌ಗುಡುವ ಆ ತಣ್ಣನೆಯ ಕೋಣೆಯಲ್ಲಿ ಹೊತ್ತು ಹೋಗುವುದೇ ಅವಳಿಗೆ ತಿಳಿಯುತ್ತಿರಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರಿದ್ದರು. ಅವಳಿಗೆ ಡೇಟಾಬೇಸಿನ ಓನಾಮ ಹೇಳಿಕೊಟ್ಟವರು ಅವರೇ. ಹೋದ ವರ್ಷ ನಿವೃತ್ತರಾಗಿದ್ದರೂ ಸಲಹೆಗೆಂದು ಮಂಗಳವಾರ ಮಾತ್ರ ಬರುತ್ತಿದ್ದರು. ಆವತ್ತು ಮಂಗಳವಾರ.

"ಏನಿದೆ, ಓದಿ ಹೇಳಮ್ಮ," ಎಂದರು. "ಕನ್ನಡಕ ಬದಲಾಯಿಸ್ಬೇಕು, ಪುರುಸೊತ್ತೇ ಸಿಗ್ತಿಲ್ಲ."

ಅವಳು ಓದಿದಳು. ಡೇಟಾಬೇಸಿನಲ್ಲಿ ಯಾವ ಸಾಲನ್ನು ಮುಟ್ಟಿದರೂ ಲಾಗ್ ಎಂಬ ದಿನಚರಿಯಲ್ಲಿ ಅದು ದಾಖಲಾಗುತ್ತದೆ. ಬೆಳಿಗ್ಗೆ ಏಳರಿಂದ ಎಂಟರವರೆಗಿನ ಲಾಗ್ ಇರಲಿಲ್ಲ. ಅದರ ನಕಲಿರುವ ಎರಡನೇ ಸರ್ವರಿನಲ್ಲೂ ಅದೇ ಹೊತ್ತಿನದು ಮಾಯ. ಹಿಂದಿನ ದಿನದ ಬ್ಯಾಕಪ್ ಫೈಲಿಗೆ ಹೆಸರಿತ್ತು, ಒಳಗೆ ಏನೂ ಇರಲಿಲ್ಲ.

"ವಾರದ ಬ್ಯಾಕಪ್?"

"ಬೇರೆ ಊರಿನ ಗೋದಾಮಲ್ಲಿ. ತರಿಸಿದ್ರೂ ನಾಳೆ."

"ಪಾಸ್‌ವರ್ಡ್ ಯಾರ ಹತ್ರ ಇದೆ?"

"ಯಾರ ಹತ್ರ ಇಲ್ಲ ಕೇಳಿ ಸಾರ್. ಎಲ್ಲರಿಗೂ ಒಂದೇ. ಕೌಂಟರಲ್ಲಿ ಮಾನಿಟರಿಗೇ ಅಂಟಿಸಿದಾರೆ."

ಮೇಷ್ಟ್ರು ನಕ್ಕರು. ಅವಳಿಗೆ ನಗು ಬರಲಿಲ್ಲ. ಗಾಜಿನಾಚೆ ಬೆಂಚಿನ ಮೇಲೆ ಕುಳಿತ ಹೆಂಗಸು ಕಾಣುತ್ತಿದ್ದಳು. ಬೆರಳುಗಳು ಮಡಿಲಲ್ಲಿ ಕಾಣದ ಯಾವುದೋ ಸಣ್ಣ ತಿರುಪನ್ನು ತಿರುಗಿಸುತ್ತಿದ್ದವು.

"ದಿನಾಂಕ ನಾನೇ ಸರಿ ಮಾಡಿಬಿಡ್ಲಾ ಸಾರ್?"

"ತಾಳು. ಮುಟ್ಟೋ ಮೊದಲು ಸಾಲಿಂದೊಂದು ನಕಲು ತೆಗೆದಿಟ್ಕೋ ಅಂತ ಎಷ್ಟು ಸಲ ಹೇಳಿದೀನಿ? ಅದೂ ಅಲ್ದೆ, ಪುರಾವೆ ಇಲ್ದೆ ತಿದ್ದಿದ್ರೆ ಕಳ್ಳನಿಗೂ ನಿನಗೂ ಏನು ವ್ಯತ್ಯಾಸ?"

ಮಾತು ಸರಿಯಾಗಿತ್ತು. ಅವಳು ಕೈ ಹಿಂದಕ್ಕೆ ತೆಗೆದಳು.

* * *

ನಿರ್ದೇಶಕರಿಗೆ ಬೆಳಗಿನಿಂದಲೇ ತಲೆ ಕೆಟ್ಟಿತ್ತು. ಅವರ ಮುಂದೆ ಸಿಸ್ಟರ್, ಸರ್ವರಮ್ಮ, ಬಂದ ಕಣ್ಣುಗಳನ್ನು ಪರೀಕ್ಷಿಸುವ ಡಾಕ್ಟರು ನಿಂತಿದ್ದರು.

"ಎರಡು ಗಂಟೆಗೆ ಥಿಯೇಟರ್. ಎರಡೂ ಇವತ್ತೇ ಕೂರಬೇಕು. ಪಟ್ಟಿಯಲ್ಲಿ ಮೊದಲಿರೋ ಇಬ್ಬರಿಗೆ. ಸಿಸ್ಟರ್ ನೆನಪಿನ ಮೇಲೆ ನಾನು ಕಣ್ಣು ಹಂಚೋಕಾಗಲ್ಲ."

ಅಲ್ಲಿನ ಪಟ್ಟಿಯಲ್ಲಿ ಹೆಸರುಗಳಿರುವುದಿಲ್ಲ. ನಂಬರ್, ನೋಂದಣಿಯ ದಿನಾಂಕ, ಫೋನು, ಅಷ್ಟೇ. ಕರೆ ಹೋದವರು ಬಂದು ಸಹಿ ಹಾಕಿದ ಮೇಲೆಯೇ ಹೆಸರು ಹೊರಬೀಳುವುದು. ಯಾರೂ ತಮ್ಮವರಿಗೆ ದಾರಿ ಮಾಡಿಕೊಡಬಾರದೆಂದು ಮಾಡಿದ ಕಟ್ಟುನಿಟ್ಟು.

"ಈಗ ಮೊದಲನೇ ಸಾಲಲ್ಲಿರೋರು ಬಂದು ಸಹಿ ಹಾಕಿದ್ರಾ?" ಸರ್ವರಮ್ಮ ಕೇಳಿದಳು.

ಸಿಸ್ಟರ್ ಸಹಿಯ ಹಾಳೆ ತಿರುಗಿಸಿದರು. "ಹಾಕಿದ್ರು. ಡಾಕ್ಟರ ಚಿಕ್ಕಮ್ಮ."

ಎಲ್ಲರೂ ಡಾಕ್ಟರನ್ನು ನೋಡಿದರು. ಡಾಕ್ಟರು ಕೆಂಪಗಾದರು.

"ನಾನು ಕೀಬೋರ್ಡಲ್ಲಿ 'ಅ' ಎಲ್ಲಿದೆ ಅಂತ ಹುಡುಕೋ ಜಾತಿ! ನಾನು ಲಾಗ್ ಅಳಿಸ್ತೀನಾ? ಚಿಕ್ಕಮ್ಮ ಪಟ್ಟೀಲಿರೋದೇ ನನಗೆ ಗೊತ್ತಿರ್ಲಿಲ್ಲ. ಮನೇಲಿ ಹೇಳಿದ್ರೆ ನಾನು ಬೈತೀನಿ ಅಂತ ಮುಚ್ಚಿಟ್ಟಿದಾರೆ."

"ಏಳು ಗಂಟೆಗೆ ನೀವು ಇಲ್ಲೇ ಇದ್ರಿ," ಎಂದರು ನಿರ್ದೇಶಕರು.

"ಕಣ್ಣು ಪರೀಕ್ಷೆ ಮಾಡ್ತಿದ್ದೆ. ಅದಕ್ಕೇ ಅಲ್ವಾ ಸಂಬಳ ಕೊಡೋದು?"

"ಎರಡನೇ ಸಾಲಿನವರು?" ಸರ್ವರಮ್ಮ ನಡುವೆ ಬಾಯಿ ಹಾಕಿದಳು.

"ಫೋನ್ ಎತ್ತುತ್ತಿಲ್ಲ," ಎಂದರು ಸಿಸ್ಟರ್. "ಮೂರು ಸಲ ಮಾಡಿದೆ. ಕಣ್ಣು ಬಂದಿದೆ ಅಂದ್ರೆ ಜನ ಓಡಿ ಬರ್ತಾರೆ. ಇವರು ನೋಡಿ."

ಮಧ್ಯಾಹ್ನ ಒಂದು ಗಂಟೆಯೊಳಗೆ ಪುರಾವೆ ಬೇಕು, ಇಲ್ಲದಿದ್ದರೆ ಪಟ್ಟಿ ಹೇಳಿದ್ದೇ ಸರಿ ಎಂದು ನಿರ್ದೇಶಕರು ಖಡಾಖಂಡಿತವಾಗಿ ಹೇಳಿದರು.

* * *

ಮಹಡಿ ಮೆಟ್ಟಿಲ ಕೆಳಗೆ, ಪೊರಕೆ, ಬಕೀಟುಗಳ ಹಿಂದೆ, ಸರ್ವರಮ್ಮನದೊಂದು ಗುಟ್ಟಿತ್ತು.

ಗುಜರಿಗೆ ಹೋಗಬೇಕಿದ್ದ ಹಳೆಯ ಕಂಪ್ಯೂಟರೊಂದನ್ನು ಎಂಟು ತಿಂಗಳ ಹಿಂದೆ ಅವಳು ಅಲ್ಲಿ ಕೂರಿಸಿದ್ದಳು. ಅದು ಡೇಟಾಬೇಸಿನ ಮೂರನೆಯ ನಕಲು. ಆದರೆ ಸೋಮಾರಿ ನಕಲು. ದೊಡ್ಡ ಸರ್ವರಿನಲ್ಲಿ ಆದದ್ದೆಲ್ಲ ಇದಕ್ಕೂ ಬರುತ್ತದೆ, ಇದು ಮಾತ್ರ ಆರು ಗಂಟೆ ತಡೆದು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಯಾರಾದರೂ ಮೈಮರೆತು ಏನಾದರೂ ಅಳಿಸಿದರೆ ಓಡಿಬಂದು ಉಳಿಸಿಕೊಳ್ಳಲು ಅಷ್ಟು ಸಮಯ. ಕರೆಂಟಿನ ಬಗ್ಗೆ ನಿರ್ದೇಶಕರು ತಕರಾರು ತೆಗೆದಾರೆಂದು ಯಾರಿಗೂ ಹೇಳಿರಲಿಲ್ಲ.

ಮೊಣಕಾಲೂರಿ ಕುಳಿತು ಪರದೆ ಒರೆಸಿದಳು. ಹೊರಗೆ ಹನ್ನೊಂದು ಗಂಟೆ. ಪೆಟ್ಟಿಗೆಯೊಳಗೆ ಇನ್ನೂ ಬೆಳಗಿನ ಐದು.

ಅವಳಿಗೆ ಮೈ ಜುಮ್ಮೆಂದಿತು. ಈ ಪೆಟ್ಟಿಗೆಯ ಮಟ್ಟಿಗೆ ಇವತ್ತು ಯಾವ ಕಣ್ಣೂ ಬಂದಿರಲಿಲ್ಲ. ಕಣ್ಣು ಕೊಟ್ಟವರು ಎಲ್ಲೋ ಒಂದು ಹಾಸಿಗೆಯಲ್ಲಿ ಇನ್ನೂ ಉಸಿರಾಡುತ್ತಿದ್ದರು. ಕಳ್ಳ ಇನ್ನೂ ಕಳ್ಳನಾಗಿರಲಿಲ್ಲ, ಮಗ್ಗುಲು ಬದಲಾಯಿಸಿ ಮಲಗಿದ್ದಿರಬೇಕು. ಗಡಿಯಾರದ ಹೆಂಗಸು ಮೊದಲನೆಯ ಸಾಲಿನಲ್ಲೇ ಇದ್ದಳು, ತನ್ನ ಎರಡು ವರ್ಷಗಳ ಸಮೇತ. ಇದನ್ನು ಹೀಗೇ ನಿಲ್ಲಿಸಿ ಇಲ್ಲೇ ಇದ್ದುಬಿಡಬಾರದೇ ಎಂದು ಒಂದು ಗಳಿಗೆ ಅನ್ನಿಸಿತು.

ನಿಲ್ಲಿಸಿದಳು. ನಕಲು ಅಲ್ಲಿಗೇ ಸ್ತಬ್ಧವಾಯಿತು. ಇನ್ನೂ ಒಳಗೆ ಸೇರದೆ ಬಾಗಿಲಲ್ಲಿ ಕಾಯುತ್ತಿದ್ದ ಬದಲಾವಣೆಗಳನ್ನು ಒಂದೊಂದಾಗಿ ಓದಿದಳು. ಐದೂವರೆ. ಆರು. ಆರೂವರೆ: ಎರಡು ಕಣ್ಣು ದಾಖಲು. ಏಳು ಹತ್ತು.

ಅಲ್ಲಿ ಮೂರು ಆಜ್ಞೆಗಳಿದ್ದವು. ಮೊದಲನೆಯದು, ಗಡಿಯಾರದ ಹೆಂಗಸಿನ ಸಾಲಿನದೊಂದು ನಕಲು ತೆಗೆದಿಟ್ಟಿತ್ತು. ಎರಡನೆಯದು ದಿನಾಂಕ ಬದಲಿಸಿತ್ತು. ಮೂರನೆಯದು ಆ ನಕಲನ್ನು ಅಳಿಸಿತ್ತು.

ಸರ್ವರಮ್ಮ ಮೂರನ್ನೂ ಮತ್ತೊಮ್ಮೆ ಓದಿದಳು. ಯಾರ ಕೈ ಎಂದು ಅವಳಿಗೆ ಗೊತ್ತಾಗಿತ್ತು. ಗೊತ್ತಾಗದಿದ್ದರೇ ಚೆನ್ನಾಗಿತ್ತು.

* * *

ಹನ್ನೆರಡೂವರೆಗೆ ನಿರ್ದೇಶಕರ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೇಷ್ಟ್ರೂ ಬಂದು ಬಾಗಿಲ ಪಕ್ಕ ಕುಳಿತರು. ಸರ್ವರಮ್ಮ ಮೇಜಿನ ಮೇಲೆ ಮುದ್ರಿಸಿದ ಹಾಳೆ ಇಟ್ಟಳು.

"ಹೆಂಗಸಿನ ಮೂಲ ದಿನಾಂಕ ಇಲ್ಲಿದೆ. ಬದಲಾದ ಗಳಿಗೆಯೂ ಇದೆ. ಅವಳೇ ಮೊದಲನೆಯವಳು."

ನಿರ್ದೇಶಕರು ಎರಡು ಸಲ ಓದಿದರು. "ಮಾಡಿದ್ದು ಯಾರು? ಡಾಕ್ಟರಾ?"

"ನಾವು ತಪ್ಪು ಸಾಲು ನೋಡ್ತಿದ್ವಿ ಸಾರ್. ಬಂದಿರೋದು ಎರಡು ಕಣ್ಣು. ಡಾಕ್ಟರ ಚಿಕ್ಕಮ್ಮ ಮೊದಲು ಎರಡನೆಯವರಾಗಿದ್ರು. ಏನೂ ಮಾಡದಿದ್ರೂ ಅವರಿಗೆ ಒಂದು ಸಿಕ್ತಿತ್ತು. ಲಾಭ ಆಗಿದ್ದು ಮೂರನೆಯವರಿಗೆ. ಅವರು ಎರಡಕ್ಕೆ ಏರಿದ್ರು."

ಡಾಕ್ಟರು ಉಸಿರು ಬಿಟ್ಟರು.

"ತನ್ನ ಸಾಲು ಮುಟ್ಟಿದ್ರೆ ಎಲ್ಲರಿಗೂ ಅನುಮಾನ ಬರುತ್ತೆ. ಅದಕ್ಕೇ ಮುಂದಿದ್ದೋರನ್ನ ಹಿಂದಕ್ಕೆ ತಳ್ಳಿದ್ದು. ಮಾಡಿದೋರಿಗೆ ಕೆಲಸ ಗೊತ್ತು. ಮೊದಲ ಸರ್ವರ್, ಎರಡನೇದು, ಬ್ಯಾಕಪ್, ಮೂರನ್ನೂ ಒರೆಸಿದಾರೆ. ಮೆಟ್ಟಿಲ ಕೆಳಗಿಂದು ಮಾತ್ರ ಬಿಟ್ಟಿದಾರೆ. ಅದನ್ನ ನಾನು ಕೂರಿಸಿ ಎಂಟು ತಿಂಗಳಾಯ್ತು. ಅಂದ್ರೆ ಅದಕ್ಕೂ ಮೊದಲು ಸರ್ವರ್ ಕೋಣೇಲಿ ಇದ್ದೋರು."

ಅವಳ ದನಿ ಸಣ್ಣಗಾಯಿತು.

"ಇನ್ನೊಂದು. ಕಳ್ಳನಿಗೆ ನಕಲು ಯಾಕೆ ಬೇಕು? ತಿದ್ದಿ ಓಡ್ಬೇಕು ತಾನೆ? ಇವರು ಮೊದಲು ಸಾಲನ್ನ ಜೋಪಾನವಾಗಿ ತೆಗೆದಿಟ್ಟು, ಆಮೇಲೆ ತಿದ್ದಿ, ಆಮೇಲೆ ಅದನ್ನ ಅಳಿಸಿದಾರೆ. ಮೂವತ್ತು ವರ್ಷದ ಅಭ್ಯಾಸ. ಕೈ ಕೇಳಲ್ಲ. ಈ ಕಟ್ಟಡದಲ್ಲಿ ಹಾಗೆ ಕೆಲಸ ಮಾಡೋರು ಇಬ್ಬರೇ. ಕಲಿತವಳು ನಾನು."

ಕಿಟಕಿಯಾಚೆ ಮಂಜು ಇನ್ನೂ ಸರಿದಿರಲಿಲ್ಲ.

"ಸಿಸ್ಟರ್, ಈಗ ಪಟ್ಟೀಲಿ ಎರಡನೆಯವರಾಗಿರೋರಿಗೆ ಇನ್ನೊಂದು ಸಲ ಫೋನ್ ಮಾಡಿ," ಎಂದಳು ಸರ್ವರಮ್ಮ.

ಸಿಸ್ಟರ್ ಒತ್ತಿದರು. ಬಾಗಿಲ ಪಕ್ಕ, ಮೇಷ್ಟ್ರ ಅಂಗಿಯ ಜೇಬಿನಲ್ಲಿ, ಏನೋ ಮೆಲ್ಲಗೆ ನಡುಗಿತು.

ಅವರು ಫೋನ್ ತೆಗೆದು ಮೇಜಿನ ಮೇಲಿಟ್ಟರು. ಅಂಚಿಗೆ ತಗಲಿ ಬೀಳುವುದರಲ್ಲಿತ್ತು. ಸರ್ವರಮ್ಮ ಹಿಡಿದಳು.

"ಬಲಗಣ್ಣು ಹೋಗಿ ವರ್ಷ ಆಯ್ತು," ಎಂದರು ಮೇಷ್ಟ್ರು. "ಎಡದಲ್ಲಿ ನೆರಳು ಕಾಣುತ್ತೆ, ಪರದೆಗೆ ಮುಖ ಹಚ್ಚಿದ್ರೆ ದೊಡ್ಡ ಅಕ್ಷರ ಕಾಣುತ್ತೆ. ಕನ್ನಡಕ ಅಂತ ಸುಳ್ಳು ಹೇಳ್ಕೊಂಡು ಬಂದೆ. ಬೆಳಿಗ್ಗೆ ಕಣ್ಣು ಬಂದಿದೆ ಅಂತ ಗೊತ್ತಾಯ್ತು. ಬುದ್ಧಿ ಕೆಟ್ಟಿತು. ಆಮೇಲೆ ನೀನು ಏನು ಹಿಡೀತೀಯೋ ಅಂತ ನಿನ್ನ ಪಕ್ಕದಿಂದ ಏಳೋಕೇ ಆಗ್ಲಿಲ್ಲ. ಫೋನ್ ಎತ್ತೋಕೂ ಆಗ್ಲಿಲ್ಲ."

"ನನಗಾದ್ರೂ ಹೇಳ್ಬಾರದಿತ್ತಾ ಸಾರ್?" ಅವಳ ಕಣ್ಣು ತುಂಬಿತು. ಕೋಪವೂ ಬಂದಿತ್ತು. "ಆ ಹೆಂಗಸೂ ಕಾಣದೇ ಕೂತಿದಾಳಲ್ಲ."

"ಸಾಲಾಗಿ ನೋಡಿದ್ರೆ ಹೆಂಗಸು ಕಾಣಲ್ಲಮ್ಮ. ನಂಬರ್ ಅಷ್ಟೇ ಕಾಣೋದು."

* * *

ಎರಡು ಗಂಟೆಗೆ ಗಡಿಯಾರ ರಿಪೇರಿಯ ಹೆಂಗಸನ್ನು ಥಿಯೇಟರಿಗೆ ಕರೆದೊಯ್ದರು. ಅವಳ ಹಿಂದೆಯೇ ಡಾಕ್ಟರ ಚಿಕ್ಕಮ್ಮನನ್ನು. ನಾಲ್ಕೂವರೆಗೆ ಎರಡೂ ಮುಗಿದವು. ಎರಡೂ ಚೆನ್ನಾಗಿ ಕೂತವು.

ಪೊಲೀಸರು ಬರುವವರೆಗೆ ಮೇಷ್ಟ್ರು ಸರ್ವರ್ ಕೋಣೆಯಲ್ಲಿಯೇ ಕುಳಿತಿದ್ದರು. ನಿರ್ದೇಶಕರು ಬಾಗಿಲಲ್ಲಿ ನಿಂತು, ಆ ಮನುಷ್ಯನ ನಂಬರನ್ನು ಪಟ್ಟಿಯಿಂದ ಈಗಲೇ ತೆಗೆದುಹಾಕು ಎಂದರು.

"ಆಗಲ್ಲ ಸಾರ್," ಎಂದಳು ಸರ್ವರಮ್ಮ. "ಕಣ್ಣು ಸಿಕ್ಕೋರ ನಂಬರ್ ಹೋಗುತ್ತೆ. ಸತ್ತೋರದು ಹೋಗುತ್ತೆ. ಬೇಡ ಅಂತ ಬರ್ಕೊಟ್ಟೋರದು ಹೋಗುತ್ತೆ. ಬೇರೆ ನಿಯಮ ಇಲ್ಲ. ಬೇಕಾದ್ರೆ ಆಡಳಿತ ಮಂಡಳಿ ಮಾಡ್ಲಿ. ನಾನು ನನ್ನ ಕೈಯಾರೆ ತೆಗೆಯಲ್ಲ."

ನಿರ್ದೇಶಕರು ಗೊಣಗುತ್ತ ಹೋದರು. ಅವಳು ಗಡಿಯಾರದ ಹೆಂಗಸಿನ ದಿನಾಂಕ ಸರಿಪಡಿಸಿದಳು. ಆಮೇಲೆ ಕಣ್ಣು ಸಿಕ್ಕ ಇಬ್ಬರ ಸಾಲುಗಳನ್ನೂ ಪಟ್ಟಿಯಿಂದ ಬಿಡುಗಡೆ ಮಾಡಿದಳು. ಉಳಿದ ಸಾಲುಗಳು ಸದ್ದಿಲ್ಲದೆ ಮೇಲಕ್ಕೆ ಜರುಗಿದವು.

"ಈಗ ಮೊದಲು ಯಾರು?" ಮೇಷ್ಟ್ರು ಕೇಳಿದರು.

ಅವಳು ಮೊದಲ ಸಾಲಿನ ನಂಬರ್ ನೋಡಿದಳು.

"ನೀವೇ ಸಾರ್."